ಮಾಸ್ಟಡಾನ್ ಸರ್ವರ್ ಲ್ಯಾಪ್‌ಟಾಪಲ್ಲೇ ಓಡಿಸಿದವರು ಯಾರಾದ್ರೂ ಇದ್ದೀರಾ? ಅನುಭವ ಹೇಳಿ

ಎಲ್ರಿಗೂ ನಮಸ್ಕಾರ. ಸೋಷಿಯಲ್ ನೆಟ್‌ವರ್ಕಿನ ಬ್ಯಾಕೆಂಡ್ ಒಳಗಡೆ ಹೇಗೆ ನಡೆಯುತ್ತೆ ಅನ್ನೋದೇ ನನ್ನ ಫೈನಲ್ ಇಯರ್ ಪ್ರಾಜೆಕ್ಟು, ಅದಕ್ಕೆ ಮಾಸ್ಟಡಾನ್ (ಟ್ವಿಟರ್ ಥರದ್ದೇ, ಆದ್ರೆ ಯಾರು ಬೇಕಾದ್ರೂ ತಮ್ಮದೇ ಸರ್ವರಲ್ಲಿ ಓಡಿಸಬಹುದಾದ ಓಪನ್ ಸೋರ್ಸ್ ಸೋಷಿಯಲ್ ನೆಟ್‌ವರ್ಕ್) ಕೋಡ್ ಇಳಿಸ್ಕೊಂಡು ಓಡಿಸೋಕೆ ನೋಡ್ತಿದೀನಿ. ವಿಂಡೋಸ್, 8 ಜಿಬಿ ರ್ಯಾಮ್. ಎರಡು ದಿನ ಆಯ್ತು, ಮೊದ್ಲು ಅದಕ್ಕೆ ಬೇಕಾದ ರೂಬಿ ಭಾಷೆ ಇನ್‌ಸ್ಟಾಲ್ ಆಗ್ಲಿಲ್ಲ, ಆಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕನೆಕ್ಟ್ ಆಗ್ಲಿಲ್ಲ, ನಿನ್ನೆ ರಾತ್ರಿ ಪೇಜ್ ಏನೋ ಬಂತು ಆದ್ರೆ ಪೋಸ್ಟ್ ಹಾಕಿ ರಿಫ್ರೆಶ್ ಮಾಡಿದ್ರೆ ಹೋಮಲ್ಲಿ ಮಾಯ. ಪ್ರೊಫೈಲಲ್ಲಿ ಮಾತ್ರ ಇದೆ. ಹೊಸ ಅಕೌಂಟ್ ಮಾಡಿದ್ರೆ ಕನ್ಫರ್ಮೇಶನ್ ಮೇಲೂ ಬರ್ತಿಲ್ಲ. ದಾರಿ ತೋರ್ಸಿ ಪ್ಲೀಸ್.

*

ಪೋಸ್ಟ್ ಪ್ರೊಫೈಲಲ್ಲಿದೆ, ಹೋಮಲ್ಲಿಲ್ಲ ಅಂದ್ರೆ ನಿಮ್ಮ ಸೈಡ್‌ಕಿಕ್ (ಹಿನ್ನೆಲೆ ಕೆಲ್ಸಗಳನ್ನ ಮಾಡೋ ಪ್ರೋಸೆಸ್) ಓಡ್ತಿಲ್ಲ, ಮೊದ್ಲು ಅದನ್ನ ನೋಡಿ. ನಾನೂ ಇಲ್ಲೇ ಒಂದು ವಾರ ಕಳ್ದಿದ್ದೆ. ಮಾಸ್ಟಡಾನ್ ಅನ್ನೋದು ಒಂದು ಪ್ರೋಗ್ರಾಂ ಅಲ್ಲ. ಪೇಜ್ ಕೊಡೋದು ರೈಲ್ಸ್ (ರೂಬಿಯ ವೆಬ್ ಫ್ರೇಮ್‌ವರ್ಕ್), ಅದು 3000 ಪೋರ್ಟಲ್ಲಿ ಇರುತ್ತೆ. ಹೊಸ ಪೋಸ್ಟನ್ನ ಬ್ರೌಸರಿಗೆ ತಕ್ಷಣ ತಳ್ಳೋದು ನೋಡ್.ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟಲ್ಲಿ) ಬರೆದಿರೋ ಸ್ಟ್ರೀಮಿಂಗ್ ಸರ್ವರ್, ಅದು 4000ದಲ್ಲಿ. ಡೇಟಾ ಎಲ್ಲ ಪೋಸ್ಟ್‌ಗ್ರೆಸಲ್ಲಿ. ನೀವು ಪೋಸ್ಟ್ ಒತ್ತಿದಾಗ ರೈಲ್ಸು ಅದನ್ನ ಡೇಟಾಬೇಸಿಗೆ ಹಾಕಿ ‘ಇದನ್ನ ಹಂಚು’ ಅಂತ ಒಂದು ಚೀಟಿ (ಜಾಬ್) ರೆಡಿಸ್ ಅನ್ನೋ ಮೆಮೊರಿ ಸ್ಟೋರಲ್ಲಿ ಇಟ್ಟು ಸುಮ್ನಾಗುತ್ತೆ, ಆ ಚೀಟಿ ಎತ್ಕೊಂಡು ಫಾಲೋ ಮಾಡೋ ಪ್ರತಿಯೊಬ್ಬರ ಹೋಮ್ ಫೀಡಿಗೂ ನಿಮ್ಮ ಫೀಡಿಗೂ ಸೇರ್ಸೋದು ಸೈಡ್‌ಕಿಕ್ ಕೆಲ್ಸ. ಲಿಂಕ್ ಪ್ರಿವ್ಯೂ ತರೋದು, ಬೇರೆ ಸರ್ವರಿಗೆ ಕಳ್ಸೋದು ಕೂಡ ಅದೇ. ನಿಮ್ಮ ಪ್ರಾಜೆಕ್ಟಿಗೆ ಬೇಕಾಗಿರೋ ಜೀವಾಳ ಇದೇ ನೋಡಿ, ಇದನ್ನ ಬಿಡ್ಬೇಡಿ! ಬರೀ ರೈಲ್ಸ್ ಸರ್ವರ್ ಸ್ಟಾರ್ಟ್ ಮಾಡೋ ಬದ್ಲು ಕೋಡ್ ಜೊತೆ ಬರೋ ಬಿನ್ ಫೋಲ್ಡರಿನ ‘ಡೆವ್’ ಸ್ಕ್ರಿಪ್ಟ್ ಓಡ್ಸಿ, ಎಲ್ಲಾ ಪ್ರೋಸೆಸ್ ಒಟ್ಟಿಗೆ ಏಳುತ್ತೆ.

ಮೇಲ್ ಬರಲ್ಲ, ಯಾಕಂದ್ರೆ ಡೆವಲಪ್‌ಮೆಂಟ್ ಮೋಡಲ್ಲಿ ನಿಜವಾಗ್ಲೂ ಕಳ್ಸೋದೇ ಇಲ್ಲ. ವಿಳಾಸದ ಕೊನೆಗೆ ಸ್ಲ್ಯಾಶ್ ‘ಲೆಟರ್ ಅಂಡರ್‌ಸ್ಕೋರ್ ಓಪನರ್’ ಅಂತ ಹಾಕಿ ತೆರೀರಿ, ಮೇಲೆಲ್ಲ ಅಲ್ಲಿರುತ್ತೆ.

*

ತಮ್ಮಾ, 8 ಜಿಬಿ ಸಾಕಾಗ್ತದ, ಚಿಂತಿ ಮಾಡಬ್ಯಾಡ. ಆದ್ರ ಡಬ್ಲ್ಯೂಎಸ್ಎಲ್ 2 (ವಿಂಡೋಸಿನ ಒಳಗ ಲಿನಕ್ಸ್ ಓಡಿಸೋ ಸೌಲಭ್ಯ) ಹಾಕ್ಕೊಂಡು ಅದ್ರಾಗ ಉಬುಂಟು ಓಡಿಸು, ನೇರ ವಿಂಡೋಸಿನ ಮ್ಯಾಲ ರೂಬಿ ಹಾಕಾಕ ಹೋಗಬ್ಯಾಡ. ಡಬ್ಲ್ಯೂಎಸ್ಎಲ್ ತಾನಾಗೇ ಅರ್ಧ ರ್ಯಾಮ್ ಅಷ್ಟ ತಗೋತದ, ಅಂದ್ರ ನಿಂಗ ಸಿಗೋದು 4 ಜಿಬಿ, ಹಂಗಾಗಿ ಸ್ವಾಪ್ (ರ್ಯಾಮ್ ಸಾಲದಾಗ ಬಳಸೋ ಡಿಸ್ಕ್ ಜಾಗ) ಒಂದೀಟು ಜಾಸ್ತಿ ಇಡು. ಇನ್ನೊಂದು ಮುಖ್ಯ ಮಾತು, ಕೋಡನ್ನ ಸಿ ಡ್ರೈವಿನಾಗ ಇಟ್ಟು ಉಬುಂಟುದಿಂದ ತೆರದ್ರ ಭಾಳ ಸ್ಲೋ ಆಗ್ತದ, ಲಿನಕ್ಸಿನ ಹೋಮ್ ಫೋಲ್ಡರಿನಾಗ ಕ್ಲೋನ್ ಮಾಡು. ಪಿಜಿ ಜೆಮ್ (ರೂಬಿಯಿಂದ ಪೋಸ್ಟ್‌ಗ್ರೆಸ್ ಜೋಡಿ ಮಾತಾಡೋ ಲೈಬ್ರರಿ) ಕಂಪೈಲ್ ಆಗ್ದೆ ನಿಂತ್ರ ಲಿಬ್‌ಪಿಕ್ಯು-ಡೆವ್ ಪ್ಯಾಕೇಜು ಇಲ್ಲ ಅಂತ ತಿಳ್ಕೊ. ಪೋಸ್ಟ್‌ಗ್ರೆಸ್ ‘ರೋಲ್ ಇಲ್ಲ’ ಅಂದ್ರ ನಿನ್ನ ಲಿನಕ್ಸ್ ಯೂಸರ್ ಹೆಸರಿಂದನ ಡೇಟಾಬೇಸ್ ಯೂಸರ್ ಮಾಡು, ಡೇಟಾಬೇಸ್ ಕ್ರಿಯೇಟ್ ಮಾಡೋ ಪರ್ಮಿಶನ್ನೂ ಕೊಡು, ಬಗೆಹರೀತದ.

ಡಾಕರ್ (ಪ್ರೋಗ್ರಾಂಗಳನ್ನ ಕಂಟೈನರಿನಾಗ ಓಡಿಸೋ ಸಾಫ್ಟ್‌ವೇರ್) ಹಾದಿ ಹಿಡದ್ರ ಒಂದು ಎಚ್ಚರಿಕಿ. ನಾ ಬರ್ಕೊಂಡಿದ್ದ ಕಂಪೋಸ್ ಫೈಲಿನಾಗ (ಡಾಕರ್ ಏನೇನು ಓಡಿಸ್ಬೇಕು ಅನ್ನೋ ಪಟ್ಟಿ) ಡೇಟಾಬೇಸು ಡಾಕರ್ ವಾಲ್ಯೂಮಿನಾಗ, ಅಂದ್ರ ಅದರ ಸಂಗ್ರಹ ಜಾಗದಾಗ ಇತ್ತು, ಎಲ್ಲಾ ಬಂದ್ ಮಾಡೋಣ ಅಂತ ‘ಡೌನ್’ ಕಮಾಂಡಿಗೆ ‘ವಿ’ ಸೇರಿಸಿ ಹೊಡದೆ, ವಾಲ್ಯೂಮೂ ಹೋತು, ಮೂರು ವಾರ ತುಂಬಿದ ಟೆಸ್ಟ್ ಡೇಟಾನೂ ಹೋತು. ಅವತ್ತಿಂದ ದಿನಾ ಡಂಪ್ (ಡೇಟಾಬೇಸಿನ ಬ್ಯಾಕಪ್) ತಗೀತೀನಿ.

*

ಲೋಕಲ್‌ಹೋಸ್ಟಲ್ಲಿ ಓಡಿದ ಮೇಲೆ ಮುಂದಿನ ಆಸೆ ಫೆಡರೇಶನ್ನೇ (ಬೇರೆ ಬೇರೆ ಸರ್ವರುಗಳು ಒಂದಕ್ಕೊಂದು ಪೋಸ್ಟ್ ಹಂಚ್ಕೊಳ್ಳೋದು) ಅಲ್ವಾ, ಅದಕ್ಕೆ ಈಗ್ಲೇ ಹೇಳಿಬಿಡ್ತೀನಿ. ಸರ್ವರುಗಳು ಮಾತಾಡೋದು ಆಕ್ಟಿವಿಟಿಪಬ್ ಅನ್ನೋ ಪ್ರೋಟೋಕಾಲಲ್ಲಿ, 2018ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಅದನ್ನ ಶಿಫಾರಸು ಮಾಡ್ತು. ಹೊರಗಿನ ಸರ್ವರು ನಿಮ್ಮ ಲ್ಯಾಪ್‌ಟಾಪನ್ನ ಹುಡುಕ್ಬೇಕಂದ್ರೆ ನಿಜವಾದ ಡೊಮೇನು, ಎಚ್‌ಟಿಟಿಪಿಎಸ್ಸು ಬೇಕು. ಟನಲ್ (ಹೊರಗಿನ ಇಂಟರ್ನೆಟ್ಟಿಂದ ನಿಮ್ಮ ಲ್ಯಾಪ್‌ಟಾಪಿಗೆ ದಾರಿ) ಹಾಕಿ ಟೆಸ್ಟ್ ಮಾಡ್ಬಹುದು, ಆದ್ರೆ ಮುಂದೆ ಬಳಸೋ ಡೊಮೇನನ್ನ ಟೆಸ್ಟಿಗೆ ದಯವಿಟ್ಟು ಕೊಡ್ಬೇಡಿ. ಪ್ರತಿ ಅಕೌಂಟಿಗೂ ಸಂದೇಶಕ್ಕೆ ಡಿಜಿಟಲ್ ಸಹಿ ಹಾಕೋಕೆ ಒಂದು ಜೋಡಿ ಕೀ ಇರುತ್ತೆ, ಅದರ ಪಬ್ಲಿಕ್ ಕೀಯನ್ನ ಬೇರೆ ಸರ್ವರುಗಳು ನೆನಪಿಟ್ಕೊಳ್ತವೆ, ನೀವು ಡೇಟಾಬೇಸ್ ಅಳಿಸಿ ಅದೇ ಹೆಸ್ರಲ್ಲಿ ಮತ್ತೆ ಶುರು ಮಾಡಿದ್ರೆ ಹೊಸ ಸಹಿ ಅವರ ಹತ್ರ ಇರೋ ಹಳೇ ಕೀಗೆ ಹೊಂದಲ್ಲ. ಲೋಕಲ್ ಡೊಮೇನ್ ಸೆಟ್ಟಿಂಗೂ (ನಿಮ್ಮ ಸರ್ವರಿನ ಡೊಮೇನ್ ಹೆಸ್ರು) ಅಷ್ಟೇ, ಒಂದ್ಸಲ ಹಾಕಿದ ಮೇಲೆ ಬದಲಾಯಿಸೋ ಹಾಗಿಲ್ಲ.

ಬರೀ ಪ್ರೋಟೋಕಾಲ್ ಅರ್ಥ ಆದ್ರೆ ಸಾಕು ಅನ್ನೋರಿಗೆ ಗೋಟುಸೋಷಿಯಲ್ ಅನ್ನೋ ಇನ್ನೊಂದು ಆಕ್ಟಿವಿಟಿಪಬ್ ಸರ್ವರ್ ಚೆನ್ನಾಗಿದೆ, ಗೋ ಭಾಷೇಲಿ ಬರ್ದಿದ್ದು, ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸ್ ಇದ್ರೆ ಸಾಕು, ತುಂಬಾ ಹಗುರ. ಪೋಸ್ಟ್ ಹಾಕೋಕೆ ಟಸ್ಕಿ ಥರದ ಆ್ಯಪ್ ಬೇರೆ ಬೇಕಾಗುತ್ತೆ ಅಷ್ಟೇ. ಆದ್ರೆ ನಿಮ್ದು ಬ್ಯಾಕೆಂಡ್ ಪ್ರಾಜೆಕ್ಟು, ಕ್ಯೂ ಫೀಡು ಎಲ್ಲಾ ನೋಡ್ಬೇಕು, ನಾನಾಗಿದ್ರೆ ಮಾಸ್ಟಡಾನ್ ಬಿಡ್ತಿರ್ಲಿಲ್ಲ.

*

ಸರ್, ಸೈಡ್‌ಕಿಕ್ಕೇ ಆಗಿತ್ತು! ನಾನು ಬರೀ ರೈಲ್ಸ್ ಓಡಿಸ್ತಿದ್ದೆ. ಸ್ಕ್ರಿಪ್ಟ್ ಹಾಕಿದ ತಕ್ಷಣ ಕಾದು ಕೂತಿದ್ದ ಪೋಸ್ಟೆಲ್ಲ ಒಂದೊಂದಾಗಿ ಹೋಮಿಗೆ ಬಂತು, ಲಾಗಲ್ಲಿ ಆ ಜಾಬುಗಳು ಓಡೋದು ನೋಡ್ತಾ ಕೂತ್ಬಿಟ್ಟೆ. ಅಣ್ಣಾ, ಕೋಡನ್ನ ಹೋಮ್ ಫೋಲ್ಡರಿಗೆ ಹಾಕ್ಕೊಂಡೆ, ಅದೂ ಈಗ ಸ್ಪೀಡಾಗಿದೆ. ಒಂದೇ ಡೌಟು, ರೆಡಿಸ್ ಖಾಲಿ ಮಾಡಿದ್ರೆ ಹೋಮ್ ಫೀಡು ಪೂರ್ತಿ ಹೋಗುತ್ತಾ?

*

ಫೀಡಿನ ಪಟ್ಟಿ ಹೋಗುತ್ತೆ, ಪೋಸ್ಟ್ ಹೋಗಲ್ಲ, ಅವು ಪೋಸ್ಟ್‌ಗ್ರೆಸಲ್ಲಿ ಇರ್ತವೆ. ಮಾಸ್ಟಡಾನಿನ ‘ಟೂಟ್‌ಸಿಟಿಎಲ್ ಫೀಡ್ಸ್ ಬಿಲ್ಡ್’ ಕಮಾಂಡ್ ಕೊಟ್ರೆ ಪಟ್ಟಿ ಮತ್ತೆ ಕಟ್ಟುತ್ತೆ. ಆದ್ರೆ ಕ್ಯೂನಲ್ಲಿ ಕಾಯ್ತಿರೋ ಜಾಬುಗಳೂ ರೆಡಿಸಲ್ಲೇ ಇರೋದು, ಅವು ಹೋದ್ರೆ ಹೋದ್ವು, ಅದಕ್ಕೆ ಕ್ಯೂ ಖಾಲಿ ಇದೆಯಾ ನೋಡ್ಕೊಂಡು ಮಾಡಿ.