ಬೀ ಬಾಮ್: ಎಲೆಗೆ ಬೂದಿ ಹಿಡಿಯುತ್ತಿದೆ, ಕಷಾಯಕ್ಕೆ ಯಾವಾಗ ಕೊಯ್ಯಬೇಕು?

ಪ್ರಶ್ನೆ (ನ್ಯೂಜೆರ್ಸಿ)

ನಮ್ಮ ಹಿತ್ತಲಿನ ಬೇಲಿಯ ಪಕ್ಕದಲ್ಲಿ, ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗದಲ್ಲಿ, ಕೆಂಪು ಹೂವಿನ ಬೀ ಬಾಮ್ ಎಂಬ ಪರಿಮಳದ ಎಲೆಯ ಗಿಡ ಕೆಲವು ವರ್ಷಗಳಿಂದ ಬೆಳೆಯುತ್ತಿದೆ. ಜುಲೈನಲ್ಲಿ ಹೂವಿಗೆ ಹಮ್ಮಿಂಗ್‌ಬರ್ಡ್‌ಗಳೂ ದುಂಬಿಗಳೂ ಮುತ್ತುತ್ತವೆ. ಆದರೆ ಹೂವು ಮುಗಿಯುವ ಹೊತ್ತಿಗೆ ಬುಡದ ಎಲೆಗಳಿಗೆ ಬಿಳಿ ಬೂದಿ ಹಿಡಿದು, ಅವು ಹಳದಿಯಾಗಿ ಉದುರುತ್ತವೆ. ಹಿಂಡಿನ ನಡುಭಾಗ ಬರಿದಾಗಿ, ಅಂಚಿನಲ್ಲಿ ಮಾತ್ರ ಹೊಸ ಚಿಗುರು ಬರುತ್ತಿದೆ. ಎಲೆಯನ್ನು ಕಷಾಯಕ್ಕೆ ಬಳಸಬೇಕೆಂದಿದ್ದೇನೆ. ಯಾವಾಗ ಕೊಯ್ಯಬೇಕು? ದೊಡ್ಡಪತ್ರೆಯಂತೆ ಇದರಿಂದಲೂ ತಂಬುಳಿ ಮಾಡಬಹುದೇ?

ಉತ್ತರ (ಮಿಷಿಗನ್)

ನೀವು ಹೇಳುತ್ತಿರುವುದು ಬೂದಿ ರೋಗ. ಇದು ಶಿಲೀಂಧ್ರದಿಂದ ಬರುತ್ತದೆ. ಗಿಡವನ್ನು ಕೊಲ್ಲುವುದು ಅಪರೂಪ, ಆದರೆ ಎಲೆಯನ್ನು ಕೆಡಿಸುತ್ತದೆ. ಬೇರಿನ ಸುತ್ತಲಿನ ಮಣ್ಣು ಒಣಗಿದ್ದು, ಕಾಂಡಗಳು ಒತ್ತೊತ್ತಾಗಿ ಬೆಳೆದು ನಡುವೆ ಗಾಳಿಯಾಡದೆ ತೇವ ನಿಂತಾಗ ಇದು ಹೆಚ್ಚುತ್ತದೆ. ಆದ್ದರಿಂದ ಔಷಧಿ ಸಿಂಪಡಿಸುವ ಮೊದಲು ಹಿಂಡನ್ನು ಸಡಿಲಗೊಳಿಸುವುದೇ ಸರಿಯಾದ ಉಪಾಯವೆಂದು ನನ್ನ ಅಭಿಪ್ರಾಯ. ಕುಡಿಯಲೆಂದು ಬೆಳೆಸುವ ಎಲೆಗೆ ಔಷಧಿ ಹೊಡೆಯುವುದರಲ್ಲಿ ಅರ್ಥವೂ ಇಲ್ಲ.

ಪುದೀನದ ಕುಟುಂಬಕ್ಕೆ ಸೇರಿದ ಈ ಗಿಡ ನೆಲದಡಿಯ ಬೇರುಕಾಂಡಗಳಿಂದ ಹೊರಗೆ ಹಬ್ಬುತ್ತ ಹೋಗುವುದರಿಂದ ನಡುಭಾಗ ಮುದಿಯಾಗುವುದು ಸಹಜ. ಎರಡು ಮೂರು ವರ್ಷಕ್ಕೊಮ್ಮೆ, ವಸಂತದಲ್ಲಿ ಚಿಗುರು ಕಾಣಿಸಿದ ಕೂಡಲೇ, ಇಡೀ ಹಿಂಡನ್ನು ಅಗೆದು ತೆಗೆದು, ಒಣಗಿದ ನಡುಭಾಗವನ್ನು ಎಸೆದು, ಅಂಚಿನ ತುಂಡುಗಳನ್ನು ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ನೆಡಬೇಕು. ಜಾಗ ಬದಲಿಸುವ ಅವಕಾಶವಿದ್ದರೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆಗೆ ಒಯ್ಯಿರಿ. ನೀರನ್ನು ಬುಡಕ್ಕೇ ಹಾಕಿರಿ. ಸಾರಜನಕದ ಗೊಬ್ಬರ ಹೆಚ್ಚಾದರೆ ಮೆತ್ತನೆಯ ಎಲೆಗಳು ಬಂದು ರೋಗಕ್ಕೆ ಬೇಗ ತುತ್ತಾಗುತ್ತವೆ. ಹೊಸದಾಗಿ ಕೊಳ್ಳುವುದಾದರೆ ‘ಜೇಕಬ್ ಕ್ಲೈನ್’ ಎಂಬ ಕೆಂಪು ತಳಿ ಈ ರೋಗವನ್ನು ಸಾಕಷ್ಟು ತಡೆದುಕೊಳ್ಳುತ್ತದೆ; ಆದರೆ ಅದನ್ನು ಸಸಿಯಾಗಿಯೇ ತನ್ನಿರಿ, ಬೀಜದಿಂದ ಬೆಳೆಸಿದ್ದು ತಾಯಿಗಿಡದಂತೆ ಬರುವುದಿಲ್ಲ.

ಉತ್ತರ (ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ)

ಕೊಯ್ಲಿನ ಬಗ್ಗೆ ಹೇಳುತ್ತೇನೆ. ಕಷಾಯದ ಎಲೆಯನ್ನು ಹೂವು ಅರಳುವ ಮುನ್ನ, ಮೊಗ್ಗು ಕಟ್ಟುವ ಹೊತ್ತಿನಲ್ಲಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದರೆ ಪರಿಮಳ ಚೆನ್ನಾಗಿರುತ್ತದೆ. ನಿಮ್ಮ ತೊಂದರೆಗೂ ಇದು ಅನುಕೂಲವೇ, ಏಕೆಂದರೆ ಬೂದಿ ಹಿಡಿಯುವ ಮೊದಲೇ ಎಲೆ ಮನೆಯೊಳಗೆ ಬಂದಿರುತ್ತದೆ. ಪ್ರತಿ ಕಾಂಡದ ಮೇಲಿನ ಮೂರನೆಯ ಒಂದು ಭಾಗವನ್ನಷ್ಟೇ ಕತ್ತರಿಸಿದರೆ, ಕೆಳಗಿನಿಂದ ಕವಲೊಡೆದು ಸ್ವಲ್ಪ ತಡವಾಗಿಯಾದರೂ ಹೂವು ಬರುತ್ತದೆ. ಸಣ್ಣ ಕಟ್ಟುಗಳಾಗಿ ಕಟ್ಟಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ, ಎಲೆ ಗರಿಗರಿಯಾದ ಮೇಲೆ ಗಾಜಿನ ಜಾಡಿಯಲ್ಲಿ ತುಂಬಿಡಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಒಣ ಎಲೆ ಸಾಕು. ಮುಚ್ಚಿಟ್ಟು ಐದಾರು ನಿಮಿಷ ಬಿಟ್ಟು ಸೋಸಬೇಕು, ಕುದಿಸಬಾರದು. ಬೂದಿ ಹಿಡಿದ ಎಲೆಯನ್ನು ಮಾತ್ರ ಖಂಡಿತ ಬಳಸಬೇಡಿ.

ಈ ಗಿಡಕ್ಕೆ ‘ಆಸ್ವೀಗೋ ಟೀ’ ಎಂಬ ಹೆಸರೂ ಇದೆ. ಒಂಟೇರಿಯೊ ಸರೋವರದ ದಡದ ಆಸ್ವೀಗೋಗೆ 1743ರಲ್ಲಿ ಹೋಗಿದ್ದ ಸಸ್ಯಸಂಗ್ರಾಹಕ ಜಾನ್ ಬಾರ್ಟ್ರಮ್ ಇದರ ಬೀಜವನ್ನು ಇಂಗ್ಲೆಂಡಿಗೆ ಕಳುಹಿಸಿದ. ಇಲ್ಲಿನ ಮೂಲನಿವಾಸಿಗಳು ಈ ಎಲೆಯ ಉಪಯೋಗವನ್ನು ಅದಕ್ಕಿಂತ ಎಷ್ಟೋ ಮೊದಲೇ ಬಲ್ಲವರಾಗಿದ್ದರು.

ಉತ್ತರ (ಒಹಾಯೊ)

ತಂಬುಳಿ ಮಾಡಬಹುದು, ಆದರೆ ಕೆಂಪು ಹೂವಿನ ಜಾತಿಯಿಂದ ದೊಡ್ಡಪತ್ರೆಯ ಖಾರ ನಿರೀಕ್ಷಿಸಬೇಡಿ. ಅದರ ಎಲೆ ಸೌಮ್ಯ, ಸ್ವಲ್ಪ ಕಿತ್ತಳೆ ಸಿಪ್ಪೆಯ ವಾಸನೆಯದು. ತಿಳಿನೇರಳೆ ಹೂವಿನ ಕಾಡು ಜಾತಿ, ಮೊನಾರ್ಡಾ ಫಿಸ್ಟುಲೋಸಾ, ತಂಬುಳಿಗೆ ಹೆಚ್ಚು ಒಗ್ಗುತ್ತದೆ. ಓಮದಲ್ಲಿರುವ ಥೈಮಾಲ್ ಮತ್ತು ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್ ಎಂಬ ಖಾರದ ವಾಸನೆಯ ಅಂಶಗಳು ಇದರ ಎಲೆಯ ಎಣ್ಣೆಯಲ್ಲಿಯೂ ಇವೆ. ಈ ಜಾತಿ ಒಣ ಮಣ್ಣನ್ನೂ ತಾಳಿಕೊಳ್ಳುತ್ತದೆ. ನಾಲ್ಕೈದು ಎಳೆಯ ಎಲೆಗಳನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿ. ಅದಕ್ಕಿಂತ ಹೆಚ್ಚು ಹಾಕಿದರೆ ಕಹಿಯಾಗುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಸೇವಿಸದಿರುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಈಗ ಆಗಸ್ಟ್ ನಡೆಯುತ್ತಿದೆ, ಬೂದಿ ಹಿಡಿದ ಕಾಂಡಗಳನ್ನು ಈಗಲೇ ಕತ್ತರಿಸಬಹುದೇ?

ಉತ್ತರ (ಮಿಷಿಗನ್)

ಧಾರಾಳವಾಗಿ ಕತ್ತರಿಸಿ. ನೆಲಮಟ್ಟಕ್ಕೆ ಕತ್ತರಿಸಿ ನೀರು ಕೊಟ್ಟರೆ ಶರತ್ಕಾಲದೊಳಗೆ ಬುಡದಿಂದ ಹೊಸ ಎಲೆ ಬರುತ್ತದೆ. ಕತ್ತರಿಸಿದ್ದನ್ನು ಕಾಂಪೋಸ್ಟ್ ರಾಶಿಗೆ ಹಾಕದೆ ಕಸಕ್ಕೆ ಕಳುಹಿಸಿ.