800 ಮೀಟರ್ ಹ್ಯಾಂಡಿಕ್ಯಾಪ್ ರೇಸಲ್ಲಿ 160 ಮೀಟರ್ ಮುಂದೆ ನಿಲ್ಲಿಸಿದಾರೆ, ಹೇಗೆ ಓಡ್ಲಿ?

ಹಾಸನದ_ಹುಡ್ಗ
ಎಲ್ರಿಗೂ ನಮಸ್ಕಾರ. ನಂಗೆ 48, ಇರೋದು ಮೆಲ್ಬರ್ನಲ್ಲಿ. ಇಷ್ಟು ವರ್ಷ ರೋಡಲ್ಲಿ 10ಕೆ ಓಡ್ಕೊಂಡಿದ್ದೆ, ಈಗ ಟ್ರ್ಯಾಕಿಗೆ ಇಳಿದಿದೀನಿ, ಶನಿವಾರ ಹುಲ್ಲಿನ ಟ್ರ್ಯಾಕಲ್ಲಿ ಮಾಸ್ಟರ್ಸ್ 800 ಹ್ಯಾಂಡಿಕ್ಯಾಪ್ ಇದೆ. ಇಲ್ಲಿ ವಿಕ್ಟೋರಿಯಾದಲ್ಲಿ ಇದು ಹಳೇ ಪದ್ಧತಿ, 1878ರಲ್ಲಿ ಶುರುವಾದ ಸ್ಟಾವೆಲ್ ಗಿಫ್ಟ್ ಓಟಾನೂ ಇದೇ ಥರ. ಎಲ್ರೂ ಒಂದೇ ಗೆರೆಯಿಂದ ಹೊರಡಲ್ಲ, ಹಳೇ ಟೈಮ್ ನೋಡಿ ಹ್ಯಾಂಡಿಕ್ಯಾಪರ್ ಮಾರ್ಕ್, ಅಂದ್ರೆ ಹೊರಡೋ ಜಾಗ, ಕೊಡ್ತಾರೆ, ನಿಧಾನದವ್ರು ಮುಂದೆ, ಜೋರಾಗಿ ಓಡೋರು ಹಿಂದೆ, ಗನ್ ಮಾತ್ರ ಒಂದೇ.

ನನ್ನ ಟೈಮ್ 2:40, ಮಾರ್ಕ್ 160 ಮೀಟರ್, ಅಂದ್ರೆ ಓಡ್ಬೇಕಾಗಿರೋದು 640. ಸ್ಕ್ರ್ಯಾಚಲ್ಲಿ, ಅಂದ್ರೆ ಪೂರ್ತಿ 800 ಓಡೋ ಎಲ್ರಿಗಿಂತ ಹಿಂದಿನ ಗೆರೆಯಲ್ಲಿ, 2:08ರವ್ರು ಒಬ್ರಿದಾರೆ. ನನ್ನ ಮುಂದೆ ಯಾರೂ ಇಲ್ಲ. ಮೊದ್ಲಿಂದ್ಲೇ ಜೋರಾಗಿ ಹೋಗಿ ಗ್ಯಾಪ್ ಉಳಿಸ್ಕೊಳ್ಲಾ? ಇನ್ನೊಂದು, ಅಷ್ಟು ಮುಂದೆ ನಿಂತು ಗೆದ್ರೆ ಅದು ಗೆಲುವಾ?

ಕಂಠೀರವ_ಬೆಳಗ್ಗೆ_ಆರು
ಸರ್, ಲೆಕ್ಕ ಹಾಕಿ ನೋಡಿ. 2:40 ಅಂದ್ರೆ ಸೆಕೆಂಡಿಗೆ 5 ಮೀಟರ್, 128 ಸೆಕೆಂಡಲ್ಲಿ ಸರಿಯಾಗಿ 640 ಆಗುತ್ತೆ. ನೀವೂ ಆ ಸ್ಕ್ರ್ಯಾಚ್‌ನವ್ರೂ ಒಟ್ಟಿಗೆ ಗೆರೆ ಮುಟ್ಬೇಕು ಅಂತಾನೇ ಆ ಮಾರ್ಕ್ ಕೊಟ್ಟಿರೋದು. ದೂರ ಕಮ್ಮಿ ಇರೋದ್ರಿಂದ ನಿಮ್ಮ ಮಾಮೂಲಿ 800 ಪೇಸ್‌ಗಿಂತ ಸ್ವಲ್ಪ ಜೋರಾಗಿ ಹೋಗ್ಬೋದು, 200ಕ್ಕೆ 39 ಸಾಕು, ಮೊದಲ್ನೇ 200ನ 35ಕ್ಕೆ ಓಡಿದ್ರೆ ಕೊನೇ ನೂರು ಮೀಟರಲ್ಲಿ ಕಾಲೇ ಏಳಲ್ಲ. ಹಿಂದಿನವ್ರಿಗೂ ಸುಲಭ ಇಲ್ಲ ಸರ್, ಎಲ್ರನ್ನೂ ಹೊರಗಿಂದ ದಾಟ್ಬೇಕು, ಒಂದು ಲೇನ್ ಅಗಲ ಹೊರಗೆ ಪೂರ್ತಿ ಒಂದು ಸುತ್ತು ಬಂದ್ರೆ ಏಳು ಮೀಟರಿಗಿಂತ ಜಾಸ್ತಿ ಓಡ್ಬೇಕಾಗುತ್ತೆ.

ಗೆಲುವಾ ಅಂತ ಕೇಳಿದ್ರಲ್ಲ, ಖಂಡಿತ ಗೆಲುವೇ. ಆ ಮಾರ್ಕ್ ಬಂದಿರೋದು ನೀವು ಪ್ರಾಮಾಣಿಕವಾಗಿ ಓಡಿದ ಟೈಮಿಂದ. ಮಾರ್ಕ್ ಜಾಸ್ತಿ ಸಿಗ್ಲಿ ಅಂತ ಬೇಕಂತ ನಿಧಾನ ಓಡ್ತಾರಲ್ಲ, ಅದು ಮೋಸ.

ಧಾರವಾಡ_ಮಂದಿ
ಅಣ್ಣಾರ, ನಾನೂ ಮೊದಲ್ನೇ ಸಲ ಎಲ್ಲಾರಕಿಂತ ಮುಂದ ನಿಂತಿದ್ದೆ. ಹುಲ್ಲಿನಾಗ ಒಂದು ಸಣ್ಣ ಗೂಟ, ಅಲ್ಲೇ ನಾ ಒಬ್ಬನ, ಹಿಂದ ಹೊಳ್ಳಿ ನೋಡಿದ್ರ ಮಂದಿ ಸಣ್ಣಗ ಕಾಣ್ತಿದ್ರು. ಗನ್ ಹೊಡದ ಕೂಡ್ಲೆ ಜೀವ ಬಿಟ್ಟು ಓಡಿದೆ, ಕಡೀ ತಿರುವಿನ್ಯಾಗ ಸ್ಪೈಕ್ಸ್ (ಬೂಟಿನ ಮೊಳಿ) ಹುಲ್ಲು ಕೀಳೋ ಸಪ್ಪಳ ಹಿಂದಿಂದ ಬಂತ ನೋಡ್ರಿ, ಹೆಗಲು ಬಿಗಿದು ಕಿವಿಗೆ ಹತ್ತಿದ್ವು, ಐದು ಮಂದಿ ದಾಟಿ ಹೋದ್ರು. ಆ ಸಪ್ಪಳ ಬಂದಾಗ ಹೊಳ್ಳಿ ನೋಡಬ್ಯಾಡ್ರಿ, ಕೈ ಸಡಲ ಬಿಡ್ರಿ, ಅಷ್ಟ. ಮತ್ತ ಹುಲ್ಲಿಗೆ ಸಿಂಥೆಟಿಕ್ ಟ್ರ್ಯಾಕಿನ 6 ಎಂಎಂ ಮೊಳಿ ಸಾಲಂಗಿಲ್ಲ, 9 ಇಲ್ಲಾ 12 ಹಾಕ್ರಿ.

ಹಾಸನದ_ಹುಡ್ಗ
ಶನಿವಾರ ಓಡ್ದೆ. ಮೊದಲ್ನೇ 200 ಸರಿಯಾಗಿ 39, ಒಬ್ನೇ ಮುಂದೆ ಇದ್ದಾಗ ತಡ್ಕೊಳ್ಳೋದು ತುಂಬಾ ಕಷ್ಟ ಆಯ್ತು. ಧಾರವಾಡದವ್ರು ಹೇಳಿದ ಸಪ್ಪಳ ಕೊನೇ ತಿರುವಲ್ಲೇ ಬಂತು, ಕೈ ಸಡಿಲ ಬಿಟ್ಟೆ, ತಿರುಗಿ ನೋಡ್ಲಿಲ್ಲ. ಗೆರೆಗೆ ಇಪ್ಪತ್ತು ಮೀಟರ್ ಇದ್ದಾಗ ಇಬ್ರು ದಾಟಿದ್ರು, ಅದ್ರಲ್ಲಿ ಒಬ್ರು ಸ್ಕ್ರ್ಯಾಚ್‌ನವ್ರೇ. 2:06, ಮೂರನೇ ಸ್ಥಾನ. ಮುಗಿದ್ಮೇಲೆ ಅವ್ರೇ ಬಂದು ಕೈ ಕುಲುಕಿ ನಿಮ್ಮನ್ನ ಹಿಡಿಯೋಕೆ ಕೊನೇವರೆಗೂ ಓಡ್ಬೇಕಾಯ್ತು ಅಂದ್ರು. ಮುಂದಿನ ರೇಸಿಗೆ ಮಾರ್ಕ್ 150 ಮಾಡಿದಾರೆ, ಇವತ್ತು ಸಂಜೆಯಿಂದ್ಲೇ 200ಗಳ ಪ್ರಾಕ್ಟೀಸ್ ಶುರು.