ನೆರೆ ಇಳಿದ ಮೇಲೆ ಆರೋಗ್ಯ ಸರ್ವೆ ಮಾಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರು ಘಟಪ್ರಭಾ ದಂಡೆಯಲ್ಲಿದೆ. ನೀರು ಇಳಿದಿದೆ. ಯಾರಿಗೆ ಏನು ಬೇಕು ಅಂತ ತಿಳಿಯಲು ನಮ್ಮ ಸಂಘದವರು ಸರ್ವೆ ಮಾಡಬೇಕೆಂದಿದ್ದೇವೆ. ಸುತ್ತಲಿನ ಊರು ಸೇರಿ ಎರಡು ಸಾವಿರ ಮನೆ ಆಗುತ್ತೆ. ಕಾಳಜಿ ಕೇಂದ್ರದಲ್ಲಿ ಕೇಳಿದರೆ ಸಾಲದಾ?

ಉತ್ತರ (ಸಮುದಾಯ ಆರೋಗ್ಯ ವೈದ್ಯೆ): ಸಾಲದು. ನೆಂಟರ ಮನೆ, ಹೊಲದ ಶೆಡ್ ಸೇರಿದವರು, ಒದ್ದೆ ಗೋಡೆಯ ಮನೆಗೇ ವಾಪಸ್ ಹೋದವರು ಅಲ್ಲಿ ಸಿಗೋದಿಲ್ಲ. ಹಾಗಂತ ಎಲ್ಲ ಮನೆಗೂ ಹೋಗಬೇಕಿಲ್ಲ. 30 ಭಾಗ, ಒಂದೊಂದರಲ್ಲಿ 7 ಮನೆ, ಒಟ್ಟು 210. ವಿಪತ್ತಿನ ನಂತರದ ಸರ್ವೆಗಳಲ್ಲಿ ಈ ಲೆಕ್ಕ ರೂಢಿಯಲ್ಲಿದೆ. ಆಶಾ ಕಾರ್ಯಕರ್ತೆಯ ಮನೆ ಪಟ್ಟಿ ಹಿಡಿದು ಐವತ್ತೈವತ್ತು ಮನೆಯ ಭಾಗ ಮಾಡಿ, ಚೀಟಿ ಎತ್ತಿ 30 ಆರಿಸಿ. ಪ್ರತಿ ಭಾಗದಲ್ಲಿ ಏಳನೇ ಮನೆಗೊಂದರಂತೆ ಹೋಗಿ. ಬೀಗ ಇದ್ದರೆ ಬರೆದುಕೊಂಡು ಸಂಜೆ ಮತ್ತೆ ಹೋಗಿ. ಪಕ್ಕದ ಮನೇಲಿ ಜನ ಇದ್ದಾರೆ ಅಂತ ಸುಮ್ನೆ ಅಲ್ಲಿಗೆ ನುಗ್ಗಬೇಡಿ. ಹಾಗೆ ಮಾಡಿದರೆ ಮನೆಯಲ್ಲಿ ಸಿಗುವವರ ಕಷ್ಟ ಮಾತ್ರ ಗೊತ್ತಾಗುತ್ತೆ.

"ಒಳ್ಳೆ ನೀರು ಸಿಗುತ್ತಾ?" ಅಂದರೆ ಎಲ್ಲರೂ ಹೂಂ ಅಂತಾರೆ. ಕುಡಿಯುವ ಕೊಡ ತೋರಿಸಿ ಅನ್ನಿ. ಆಶಾ ಅಥವಾ ಪಂಚಾಯ್ತಿ ಹತ್ತಿರ ಕ್ಲೋರಿನ್ ಕಿಟ್ ಇದ್ದರೆ ಅಲ್ಲೇ ನೋಡಿ. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇರಬೇಕು. ಬಿಪಿ, ಶುಗರ್ ಮಾತ್ರೆ ಇನ್ನೆಷ್ಟು ದಿನಕ್ಕಿದೆ, ಡಾಕ್ಟರ್ ಚೀಟಿ ನೀರುಪಾಲಾಯಿತಾ ಅಂತ ಕೇಳಿ. ಸರ್ವೆಯವರು ಭೇದಿ, ಜ್ವರ ಕೇಳುತ್ತಾರೆ, ಈ ಮಾತ್ರೆಯ ವಿಷಯ ಜಾಸ್ತಿ ಜನ ಮರೆಯುತ್ತಾರೆ. ಬಸುರಿ, ಡಯಾಲಿಸಿಸ್‌ನವರು, ಟಿಬಿ ಮಾತ್ರೆ ತಗೊಳ್ಳೋರು ಇದ್ದರೆ ಬೇರೆ ಬರೆದಿಡಿ. ಶೌಚಕ್ಕೆ ಎಲ್ಲಿಗೆ ಹೋಗ್ತೀರಿ, ಪ್ಯಾಡ್ ಇದೆಯಾ ಅಂತ ಕೇಳೋದು ಹೆಣ್ಣುಮಕ್ಕಳೇ ಆಗಲಿ. ಗಂಡಸರ ಎದುರು ಯಾರೂ ಬಾಯಿಬಿಡೋದಿಲ್ಲ.

ಪ್ರಶ್ನೆ: ಈಗ ಒಮ್ಮೆ ಮಾಡಿದರೆ ಮುಗಿಯಿತಾ?

ಉತ್ತರ: ಇಲ್ಲ. ನೆರೆ ನೀರು, ಕೆಸರಿನಿಂದ ತಗುಲುವ ಇಲಿ ಜ್ವರ ಸಾಮಾನ್ಯವಾಗಿ ಸೋಂಕು ತಗುಲಿ 5ರಿಂದ 14 ದಿನದಲ್ಲಿ ಕಾಣಿಸುತ್ತೆ. ಇವತ್ತಿನ ಸರ್ವೆಯಲ್ಲಿ ಸೊನ್ನೆ ಬಂದರೂ ಎರಡು ವಾರ ಬಿಟ್ಟು ಮತ್ತೆ ಸುತ್ತಿ. ಕೆಸರಲ್ಲಿ ಓಡಾಡಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಅವತ್ತೇ ಪಿಎಚ್‌ಸಿಗೆ ಕಳಿಸಿ. ಮಾತ್ರೆ ನೀವೇ ಹಂಚಬೇಡಿ.

ಪ್ರಶ್ನೆ: ಮನೆ ಬಿದ್ದವರು ಪರಿಹಾರದ ಸರ್ವೆ ಅಂದುಕೊಂಡು ಮುತ್ತಿಕೊಳ್ತಾರೆ ಮೇಡಂ.

ಉತ್ತರ: ಹೌದು, ಅವರ ಆತಂಕ ಸಹಜ ಅಲ್ವಾ. ಬಾಗಿಲಲ್ಲೇ ಹೇಳಿಬಿಡಿ: ಇದು ಆರೋಗ್ಯದ್ದು, ಮನೆ ಹಾನಿ ಬರೆಯೋರು ಕಂದಾಯ ಇಲಾಖೆಯವರು. ಹೇಳದಿದ್ದರೆ ನಿಮ್ಮ ಲೆಕ್ಕವೂ ಕೆಡುತ್ತೆ. ಸಂಜೆ ಹಾಳೆಗಳನ್ನು ಪಿಎಚ್‌ಸಿಗೆ ಕೊಡಿ. ಒಂದೇ ಓಣಿಯಲ್ಲಿ ಎರಡು ಮೂರು ಭೇದಿ ಕೇಸ್ ಕಂಡರೆ ಮಾತ್ರ ಸಂಜೆವರೆಗೂ ಕಾಯಬೇಡಿ, ನಿಂತಲ್ಲಿಂದಲೇ ಫೋನ್ ಮಾಡಿ.